ಕೆರೆಗೆ ಬೀಳೋದಲ್ಲ ಅಜ್ಜಿ, ಈಜೋದು

‘ದುಡ್ಡು ಕೊಟ್ಟು ಕೆರೆಗೆ ಬೀಳಕ್ಕೆ ಹೋಗಿದ್ಯೇನೇ?’

ಕೊರಳಲ್ಲಿ ಪದಕ ಹಾಕಿಕೊಂಡು ಮನೆಗೆ ಬಂದಾಗ ಅಜ್ಜಿ ಕೇಳಿದ ಮೊದಲ ಮಾತು ಇದು. ಅಪ್ಪನ ಪ್ರಶ್ನೆ ಇನ್ನೂ ನೇರ. ‘ಎಷ್ಟನೇಳು ಬಂದೆ?’ ಕೊನೆಯಿಂದ ಆರನೇಳು ಅಂದೆ. ‘ಅದಕ್ಕೂ ಪದಕ ಕೊಡ್ತಾರಾ?’ ಕೊಡ್ತಾರೆ. ಮುಗಿಸಿದವರಿಗೆಲ್ಲ ಕೊಡ್ತಾರೆ.

ನಾನು ಹೋಗಿದ್ದು ನಮ್ಮ ಜಿಲ್ಲಾ ಕೇಂದ್ರದ ಹತ್ತಿರ ನಡೆದ ಒಂದು ಸ್ಪ್ರಿಂಟ್ ಟ್ರಯಥ್ಲಾನ್‌ಗೆ. ಹೆಸರು ಕೇಳಿ ಗಾಬರಿಯಾಗಬೇಡಿ. ಕೆರೆಯಲ್ಲಿ 750 ಮೀಟರ್ ಈಜಬೇಕು, ಎದ್ದು ಬಂದು 20 ಕಿಲೋಮೀಟರ್ ಸೈಕಲ್ ತುಳಿಯಬೇಕು, ಅದು ಮುಗಿದ ತಕ್ಷಣ 5 ಕಿಲೋಮೀಟರ್ ಓಡಬೇಕು. ನಡುವೆ ಬಿಡುವಿಲ್ಲ. ಮೈ ಒರೆಸಿಕೊಂಡು ಶೂ ಹಾಕಿಕೊಳ್ಳುವ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಒಲಿಂಪಿಕ್ಸ್‌ನಲ್ಲಿ ನಡೆಯುವ ಟ್ರಯಥ್ಲಾನ್ ಇದರ ಎರಡರಷ್ಟು.

ಇದು ಬೆಂಗಳೂರಿನ ಸಾಫ್ಟ್‌ವೇರ್‌ನವರ ಆಟ, ಲಕ್ಷ ರೂಪಾಯಿ ಸೈಕಲ್ ಇದ್ದವರ ಶೋಕಿ ಅಂತ ನಾನೂ ಅಂದುಕೊಂಡಿದ್ದೆ. ಅವತ್ತು ಅಂಥ ಸೈಕಲ್‌ಗಳು ಬೇಕಾದಷ್ಟು ಬಂದಿದ್ದವು ನಿಜ. ಆದರೆ ಈ ಆಟ ಹುಟ್ಟಿದ್ದೇ ಬೇರೆ ಥರ. 1974ರ ಸೆಪ್ಟೆಂಬರ್ 25, ಬುಧವಾರ ಸಂಜೆ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಓಟಗಾರರ ಒಂದು ಕ್ಲಬ್ಬಿನವರು ಬರೀ ಓಡಿ ಓಡಿ ಬೇಜಾರಾಗಿ ಈಜು, ಸೈಕಲ್ ಎರಡನ್ನೂ ಸೇರಿಸಿ ನೋಡಿದರು. ಬಂದವರು 46 ಜನ. ಅಷ್ಟೇ. ವಾರದ ನಡುವೆ, ಕೆಲಸ ಮುಗಿಸಿ ಬಂದು ಆಡಿದ ಆಟ.

ಹಾಗಾಗಿ ನನ್ನ ವಾದ ಇದು: ಈ ಮೂರರಲ್ಲಿ ಎರಡು ನಮ್ಮ ಹಳ್ಳಿಯವರ ಕೈಯಲ್ಲಿ ಆಗಲೇ ಇದೆ. ಮೂರನೆಯದನ್ನು ನಾವೇ ಕಳೆದುಕೊಂಡಿದ್ದೇವೆ, ಹೆಣ್ಣುಮಕ್ಕಳಿಗಂತೂ ಮೊದಲಿಂದಲೂ ಕೊಟ್ಟೇ ಇಲ್ಲ.

ಓಟದ ಬಗ್ಗೆ ಹೇಳುವುದೇನೂ ಇಲ್ಲ. ಬಸ್ಸು ಹಿಡಿಯಲು ಓಡಿದವರೇ ನಾವೆಲ್ಲ.

ಸೈಕಲ್ ವಿಷಯ ಬೇರೆ. 2006-07ರಲ್ಲಿ ಸರ್ಕಾರ 8ನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನನಗೂ ಸಿಕ್ಕಿತ್ತು. ಅದಕ್ಕೂ ಮುಂಚೆ ನಮ್ಮೂರಲ್ಲಿ ಸೈಕಲ್ ತುಳಿಯುವ ಹುಡುಗಿ ಎಂದರೆ ಜನ ತಿರುಗಿ ನೋಡುತ್ತಿದ್ದರು. ಎರಡು ವರ್ಷದಲ್ಲಿ ಯಾರೂ ನೋಡದ ಹಾಗಾಯಿತು. ಯಾರೂ ಭಾಷಣ ಮಾಡಿ ಊರಿನ ಮನಸ್ಸು ಬದಲಿಸಲಿಲ್ಲ. ಮನೆ ಮುಂದೆ ಸೈಕಲ್ ಬಂದು ನಿಂತಿತ್ತು, ಹೈಸ್ಕೂಲು ನಾಲ್ಕು ಕಿಲೋಮೀಟರ್ ದೂರ ಇತ್ತು, ಅಷ್ಟೆ.

ನೀರಿಗೆ ಮಾತ್ರ ಅಂಥ ಭಾಗ್ಯ ಬರಲಿಲ್ಲ. ಅಣ್ಣಂದಿರು ತೋಟದ ಬಾವಿಯಲ್ಲಿ ಬೆನ್ನಿಗೆ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿತರು. ನಾವು ಅದೇ ಬಾವಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆದೆವು. ಹೆಣ್ಣು, ಕೆರೆ ಎರಡೂ ಒಂದೇ ಮಾತಿನಲ್ಲಿ ಬಂದರೆ ನಮ್ಮ ಕಡೆ ನೆನಪಾಗುವುದು ‘ಕೆರೆಗೆ ಹಾರ’ದ ಭಾಗೀರಥಿಯೇ. ಅಜ್ಜಿಯ ಬಾಯಲ್ಲಿ ‘ಬೀಳಕ್ಕೆ’ ಅನ್ನುವ ಮಾತು ಬಂದದ್ದು ಸುಮ್ಮನೆ ಅಲ್ಲ.

ಆಮೇಲೆ ಬೋರ್‌ವೆಲ್ ಬಂತು, ಬಾವಿಗಳು ಒಣಗಿದವು. ಈಗಿನ ಗಂಡುಹುಡುಗರಿಗೂ ಈಜು ಬರುವುದಿಲ್ಲ. ಆದರೆ ನೀರು ಊರು ಬಿಟ್ಟು ಹೋಗಿಲ್ಲ. 2014ರಲ್ಲಿ ಕೃಷಿ ಭಾಗ್ಯ ಬಂದ ಮೇಲೆ ಹೊಲಹೊಲದಲ್ಲಿ ಕೃಷಿ ಹೊಂಡಗಳಾದವು. ಬೆಳೆಗೆ ಒಳ್ಳೆಯದೇ ಆಯಿತು, ಅದಕ್ಕೆ ನನ್ನ ತಕರಾರಿಲ್ಲ. ಬಾವಿಗೆ ಮೆಟ್ಟಿಲಿತ್ತು, ಕಲ್ಲಿನ ಸಂದಿಗೆ ಬೆರಳು ಸಿಗುತ್ತಿತ್ತು. ಹೊಂಡದ ಇಳಿಜಾರಿಗೆ ಹಾಸಿರುವುದು ಪ್ಲಾಸ್ಟಿಕ್. ಅದಕ್ಕೆ ಪಾಚಿ ಕಟ್ಟಿದರೆ ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಬೀದಿಯ ಒಬ್ಬ ಹುಡುಗ ಹೀಗೇ ಜಾರಿದ. ಪಕ್ಕದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಆರು ಜನ ಓಡಿ ಹೋದೆವು. ಒಬ್ಬಳಿಗೂ ಈಜು ಬರುತ್ತಿರಲಿಲ್ಲ. ನಮ್ಮ ಚಿಕ್ಕಮ್ಮ ಸೀರೆ ಬಿಚ್ಚಿ ಎಸೆದರು, ಅವನಿಗೆ ಸಿಗಲಿಲ್ಲ. ಇದರ ಬಗ್ಗೆ ಇನ್ನು ಜಾಸ್ತಿ ಬರೆಯಲಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಶಾಲೆಯ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ, ನೀರಿನ ಸುತ್ತ ತಡೆ ಹಾಕಿ, ದಡದಲ್ಲಿರುವವರಿಗೆ ಕಾಪಾಡುವುದು ಹೇಗೆಂದು ಹೇಳಿಕೊಡಿ ಅಂತ ಆ ಸಂಸ್ಥೆಯೇ ಹೇಳುತ್ತದೆ. ನಾವು ಮಕ್ಕಳಿಗೆ ಹೇಳುವುದು ಒಂದೇ ಮಾತು, ‘ನೀರಿನ ಹತ್ರ ಹೋಗ್ಬೇಡ’.

ನಾನು ಈಜು ಕಲಿಯಲು ಹೋಗಿದ್ದು ಆ ಘಟನೆ ಆದ ಮೇಲೆ. ಟ್ರಯಥ್ಲಾನ್ ನನ್ನ ತಲೆಯಲ್ಲಿ ಇರಲೇ ಇಲ್ಲ. ಜಿಲ್ಲಾ ಕೇಂದ್ರದ ಈಜುಕೊಳ ನಮ್ಮೂರಿಂದ ಬಸ್ಸಲ್ಲಿ ಒಂದು ಗಂಟೆ. ಹೆಂಗಸರಿಗೆ ದಿನಕ್ಕೆ ಒಂದೇ ಗಂಟೆ, ಅದೂ ಮಧ್ಯಾಹ್ನ. ಮೊದಲ ವಾರ ಕಲಿಸಿದ್ದು ಈಜನ್ನಲ್ಲ, ಉಸಿರನ್ನು. ನೀರೊಳಗೆ ಮುಖ ಇಟ್ಟು ಉಸಿರು ಬಿಡಬೇಕು, ಗುಳ್ಳೆ ಬರಬೇಕು. ಇಪ್ಪತ್ತೆಂಟು ವರ್ಷದವಳು ಏಳು ವರ್ಷದ ಮಕ್ಕಳ ಪಕ್ಕ ನಿಂತು ಗುಳ್ಳೆ ಬಿಡುತ್ತಿದ್ದೆ. ಕೈಕಾಲು ಬಡಿಯದೆ ಸುಮ್ಮನೆ ಬಿಟ್ಟುಕೊಟ್ಟರೆ ದೇಹ ತಾನಾಗೇ ತೇಲುತ್ತದೆ ಎಂದು ಗೊತ್ತಾದ ದಿನ ನನಗೆ ಸಿಟ್ಟು ಬಂತು. ಇಷ್ಟು ಸಣ್ಣ ವಿಷಯವನ್ನು ನಮಗೆ ಯಾರೂ ಯಾಕೆ ಹೇಳಲಿಲ್ಲ?

ಕೊಳ 25 ಮೀಟರ್ ಉದ್ದ. ನಿಲ್ಲದೆ 30 ಸಲ ಆ ಕಡೆ ಈ ಕಡೆ ಹೋಗಲು ಬಂದ ಮೇಲೆ ಕಲಿಸಿದ ಸರ್ ಹೇಳಿದರು, ‘750 ಆಯ್ತಲ್ಲಮ್ಮ, ಹೆಸರು ಕೊಡು’.

ಈಜನ್ನು ಮೊದಲು ಇಡುವುದು ಮೈ ದಣಿದ ಮೇಲೆ ನೀರಿಗಿಳಿಯುವುದು ಅಪಾಯ ಅಂತ. ಆದರೂ ಮೊದಲ 200 ಮೀಟರ್‌ನಲ್ಲೇ ನನಗೆ ಜೀವ ಬಾಯಿಗೆ ಬಂತು. ಕೆರೆ ನೀರಲ್ಲಿ ನನ್ನ ಕೈ ನನಗೇ ಕಾಣುತ್ತಿಲ್ಲ, ಮುಟ್ಟಲು ಗೋಡೆ ಇಲ್ಲ, ಯಾರದೋ ಕಾಲು ಮುಖಕ್ಕೆ ಬಡಿಯಿತು. ಕೈ ಎತ್ತಿದೆ. ರಕ್ಷಣೆಗೆ ನಿಂತಿದ್ದ ದೋಣಿ ಬಂತು. ದೋಣಿ ಹಿಡಿದು ಸುಧಾರಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇದೆ, ಹಿಡಿದುಕೊಂಡು ಮುಂದೆ ಸಾಗುವಂತಿಲ್ಲ ಅಷ್ಟೇ. ಒಂದು ನಿಮಿಷ ಹಿಡಿದೆ, ಬಿಟ್ಟೆ. ದಡ ಸೇರುವಾಗ 27 ನಿಮಿಷ.

ಬಟ್ಟೆಯ ವಿಷಯ ಕೇಳಬೇಕೆಂದಿರುವ ಅಕ್ಕತಂಗಿಯರಿಗೆ: ತುಂಬು ತೋಳಿನ, ಮಂಡಿ ಮುಚ್ಚುವ ಈಜುಡುಗೆ ಸಿಗುತ್ತದೆ. ಅದರ ಮೇಲೇ ಟೀ ಶರ್ಟ್ ಹಾಕಿಕೊಂಡು ಸೈಕಲ್ ಹತ್ತಿದೆ. ನೋಡುವವರು ನೋಡಿದರು.

ಸೈಕಲ್ ಅಣ್ಣನ ಸ್ನೇಹಿತನದು. ಬ್ರೇಕ್ ಸರಿ ಇರಬೇಕು, ಹೆಲ್ಮೆಟ್ ಬೇಕೇ ಬೇಕು, ಸೈಕಲ್ ಮುಟ್ಟುವ ಮೊದಲೇ ಅದರ ಬಕಲ್ ಹಾಕಿರಬೇಕು. ತೆಳು ಚಕ್ರದವರು ಪಕ್ಕದಲ್ಲಿ ಗುಂಯ್ ಅಂತ ಹೋದರು. ನಾನು ಕೂಡ ಇಬ್ಬರನ್ನು ಹಿಂದೆ ಹಾಕಿದೆ. ಸೈಕಲ್ ಇಳಿದು ಓಡಲು ಹೊರಟರೆ ಕಾಲು ನನ್ನದಲ್ಲ, ಮರದ ಕೊರಡು. ಇದು ಎಲ್ಲರಿಗೂ ಆಗುತ್ತದಂತೆ, ಒಂದು ಕಿಲೋಮೀಟರ್ ಹೋದ ಮೇಲೆ ಸಡಿಲವಾಯಿತು. ಒಟ್ಟು 2 ಗಂಟೆ 8 ನಿಮಿಷ.

ಆಯೋಜಕರಿಗೊಂದು ದೂರು ಇದೆ. ಪ್ರವೇಶ ಶುಲ್ಕ ನಮ್ಮ ಕಡೆಯ ಮೂರು ದಿನದ ಕೂಲಿ. ಸ್ಥಳೀಯ ಸ್ಪರ್ಧೆ ಅಂತ ಕರೆದ ಮೇಲೆ ಆ ಕೆರೆಯ ಸುತ್ತಲಿನ ಹಳ್ಳಿಯವರಿಗಾದರೂ ಕಡಿಮೆ ಮಾಡಿ. ರಸ್ತೆ ಬದಿ ನಿಂತು ನಮಗೆ ನೀರು ಕೊಟ್ಟ ಹುಡುಗರಲ್ಲಿ ಅರ್ಧ ಜನ ನನಗಿಂತ ಜೋರಾಗಿ ಓಡುತ್ತಿದ್ದರು.

ಇನ್ನು ಪಂಚಾಯ್ತಿಯವರಿಗೆ. ಊರಿಗೊಂದು ಈಜುಕೊಳ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಬೇಸಿಗೆ ರಜೆಯಲ್ಲಿ ತಾಲ್ಲೂಕಿಗೊಂದು ಕಡೆ, ಎದೆಮಟ್ಟದ ನೀರು, ಕಲಿಸುವ ಒಬ್ಬರು ಗಂಡಸು, ಒಬ್ಬರು ಹೆಂಗಸು, ಮಕ್ಕಳನ್ನು ಕರೆತರಲು ಒಂದು ಬಸ್ಸು. ಸೈಕಲ್ ಕೊಟ್ಟ ಸರ್ಕಾರಕ್ಕೆ ಇದು ದೊಡ್ಡದಲ್ಲ. ಕಲಿತ ಮಕ್ಕಳಿಗೆ ವರ್ಷಕ್ಕೊಮ್ಮೆ ಒಂದು ಪುಟ್ಟ ಟ್ರಯಥ್ಲಾನ್ ಇಡಿ, 100 ಮೀಟರ್ ಈಜಾದರೂ ಸಾಕು. ಸ್ಪರ್ಧೆ ಇದೆ ಅಂದರೆ ನಮ್ಮ ಜನ ಮಕ್ಕಳನ್ನು ಕಳಿಸುತ್ತಾರೆ, ಸುರಕ್ಷತಾ ಶಿಬಿರ ಅಂದರೆ ಕಳಿಸುವುದಿಲ್ಲ.

ಊರ ಕೆರೆಯಲ್ಲೇ ಮಾಡಬಹುದಲ್ಲ ಎನ್ನಬೇಡಿ. ಜೆಸಿಬಿ ಹೂಳು ತೆಗೆದ ಗುಂಡಿ ಎಲ್ಲಿದೆ ಅಂತ ಮೇಲಿಂದ ಕಾಣುವುದಿಲ್ಲ, ಚರಂಡಿ ನೀರು ಬೇರೆ ಸೇರುತ್ತದೆ. 2024ರ ಒಲಿಂಪಿಕ್ಸ್‌ನಲ್ಲಿ ಸೀನ್ ನದಿಯ ನೀರು ಶುದ್ಧವಿಲ್ಲವೆಂದು ಪುರುಷರ ಟ್ರಯಥ್ಲಾನನ್ನು ಒಂದು ದಿನ ಮುಂದಕ್ಕೆ ಹಾಕಿದರು. ಪ್ಯಾರಿಸ್ಸಿಗೇ ಹಾಗಾದರೆ ನಮ್ಮ ಕೆರೆ ಯಾವ ಲೆಕ್ಕ.

ಹೊಂಡ ಇರುವ ರೈತಣ್ಣಂದಿರು ಇವತ್ತೇ ಮಾಡಬಹುದಾದದ್ದು ಒಂದಿದೆ. ಗಟ್ಟಿ ಗೂಟಕ್ಕೆ ಹಗ್ಗ ಕಟ್ಟಿ, ಗಂಟು ಹಾಕಿ, ಇಳಿಜಾರಿನ ಮೇಲಿಂದ ನೀರಿನವರೆಗೆ ಇಳಿಬಿಡಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಒಂದಕ್ಕೆ ಬೇರೆ ಹಗ್ಗ ಕಟ್ಟಿ ದಡದಲ್ಲಿಡಿ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಅದನ್ನು ಎಸೆಯಿರಿ. ಚಿಕ್ಕಮ್ಮನ ಮನೆಯ ಹೊಂಡಕ್ಕೆ ಎರಡನ್ನೂ ಕಟ್ಟಿದ್ದೇವೆ.

ಅಣ್ಣನ ಮಗಳಿಗೆ ಈಗ ಏಳು ವರ್ಷ. ಏಪ್ರಿಲ್‌ನಲ್ಲಿ ಅವಳನ್ನು ಈಜುಕೊಳಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದೇನೆ. ಅಜ್ಜಿ ಇನ್ನೂ ಹ್ಞೂಂ ಅಂದಿಲ್ಲ.