ಬೀಜವಿಲ್ಲದ ಬಿತ್ತನೆ

ಕೀಲಿಕೈ ಮಾಡುವವನು ಊರಿನವರಿಗೆಲ್ಲ ಒಂದೇ ಅಚ್ಚಿನ ಕೀಲಿಯನ್ನು ಕೊಟ್ಟನೆಂದರೆ ಯಾರು ತಾನೇ ಸಹಿಸಿಯಾರು? ಅಗ್ಗದ ಗಣಕಯಂತ್ರಗಳ ವಿಷಯದಲ್ಲಿ ಇಂಥದೇ ಅನ್ಯಾಯವು ನಡೆದಿದೆಯೆಂಬುದನ್ನು ವಾಚಕರ ಗಮನಕ್ಕೆ ತರುವುದು ನಮ್ಮ ಕರ್ತವ್ಯವಾಗಿದೆ.

ಯಂತ್ರಗಳ ಗುಪ್ತ ಕೀಲಿಗಳಿಗೆಲ್ಲ ಮೂಲವು ಯಾರೂ ಊಹಿಸಲಾರದ ಸಂಖ್ಯೆ. ಯಂತ್ರವಾದರೋ ಹೇಳಿದಷ್ಟನ್ನೇ ಮಾಡತಕ್ಕುದು. ಊಹೆಗೆ ನಿಲುಕದುದನ್ನು ಅದು ಹೊರಗಿನಿಂದಲೇ ಸಂಪಾದಿಸಬೇಕು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲು ಈ ಹೊಣೆಯನ್ನು ಹೊತ್ತಿದೆ. 1994ರಲ್ಲಿ ಥಿಯೊಡೋರ್ ಟ್ಸೊ ಅವರು ಲಿನಕ್ಸಿಗೆ ರಚಿಸಿಕೊಟ್ಟ ಏರ್ಪಾಡು, ಕೀಬೋರ್ಡು, ಮೌಸು, ಡಿಸ್ಕು ಇವುಗಳ ಚಲನೆಯಲ್ಲಿನ ಸೂಕ್ಷ್ಮ ಕಾಲವ್ಯತ್ಯಾಸಗಳನ್ನು ಹನಿಹನಿಯಾಗಿ ಕೂಡಿಹಾಕಿ, ಕಲಸಿ, ಅದರಿಂದ ಸಂಖ್ಯೆಗಳನ್ನು ಪಡೆಯುವುದಾಗಿತ್ತು. ರೌಟರಿನಂತಹ ಪುಟ್ಟ ಪೆಟ್ಟಿಗೆಗೆ ಕೀಬೋರ್ಡೂ ಇಲ್ಲ, ಮೌಸೂ ಇಲ್ಲ, ತಿರುಗುವ ಡಿಸ್ಕೂ ಇಲ್ಲ. ಮೊದಲ ಸಲ ವಿದ್ಯುತ್ತನ್ನು ಕಂಡೊಡನೆ, ಸಂಗ್ರಹವಿನ್ನೂ ಬರಿದಾಗಿರುವಾಗಲೇ, ತನ್ನ ಬಾಳಿನುದ್ದಕ್ಕೂ ಬಳಸಬೇಕಾದ ಕೀಲಿಯನ್ನು ಅದು ಸಿದ್ಧಪಡಿಸಿಬಿಡುತ್ತಿತ್ತು.

ಫಲವೇನಾಯಿತು? 2012ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟನ್ನೆಲ್ಲ ಶೋಧಿಸಿ, ಟಿಎಲ್‌ಎಸ್ ಪದ್ಧತಿಯನ್ನು ಬಳಸುವ ಯಂತ್ರಗಳಲ್ಲಿ ಶೇಕಡ 0.5ರಷ್ಟರ ಗುಪ್ತ ಕೀಲಿಗಳನ್ನು ಹೊರಗೆಳೆದರು. ಆರ್‌ಎಸ್‌ಎ ಕೀಲಿಯು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಷ್ಟೆ. ಬೇರೆ ಬೇರೆ ಪೆಟ್ಟಿಗೆಗಳು ಅವುಗಳಲ್ಲೊಂದನ್ನು ಸಮಾನವಾಗಿ ಆರಿಸಿಕೊಂಡಿದ್ದುದರಿಂದ, ಶಾಲೆಯ ಹುಡುಗರು ಕಲಿಯುವ ಮಹತ್ತಮ ಸಾಮಾನ್ಯ ಅಪವರ್ತನದ ಲೆಕ್ಕವೇ ಬೀಗ ತೆರೆಯಲು ಸಾಕಾಯಿತು!

ಬೆಲೆ ಇಳಿಯಬೇಕಾದರೆ ಇಷ್ಟು ಕೊರತೆ ಅನಿವಾರ್ಯವೆಂದು ತಯಾರಕರು ವಾದಿಸಬಹುದು. ನಾವು ಇದನ್ನು ಒಪ್ಪಲಾರೆವು. 2014ರಲ್ಲಿ ಲಿನಕ್ಸಿಗೆ ಸೇರಿದ ಗೆಟ್‌ರ್‍ಯಾಂಡಮ್ ಎಂಬ ಏರ್ಪಾಡು, ಸಂಗ್ರಹವು ಸಿದ್ಧವಾಗುವವರೆಗೆ ಕೇಳಿದವರನ್ನು ಕಾಯಿಸುತ್ತದೆ. 2019ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಅವರು ಪ್ರೊಸೆಸರಿನ ಕಾಲದ ಏರುಪೇರಿನಿಂದಲೇ ಸಂಗ್ರಹವನ್ನು ತುಂಬುವ ಉಪಾಯವನ್ನು ಕೂಡಿಸಿದರು. ಸೂಕ್ಷ್ಮ ಗಡಿಯಾರವಿಲ್ಲದ ಬಡ ಪ್ರೊಸೆಸರಿಗೆ ಈ ಉಪಾಯವು ಎಟುಕದೆಂಬುದು ನಿಜ. ಆದರೆ ಕಾರ್ಖಾನೆಯಲ್ಲಿಯೇ ಪೆಟ್ಟಿಗೆಗೊಂದು ಬೇರೆ ಬೀಜಸಂಖ್ಯೆಯನ್ನಿಟ್ಟು, ಯಂತ್ರವು ಆರಂಭವಾದಾಗಲೆಲ್ಲ ಅದನ್ನು ಹೊಸದಾಗಿ ಬರೆದಿಡುವುದಕ್ಕೆ ಅಡ್ಡಿಯೇನು? ಒಂದೇ ಬೀಜವನ್ನು ಎಲ್ಲಕ್ಕೂ ನಕಲುಮಾಡಿದರೆ ಮಾತ್ರ ಹಳೆಯ ಪಾಡೇ ಮರುಕಳಿಸುವುದು. ಬೀಜವು ದೊರೆಯದಿದ್ದಲ್ಲಿ ಕೀಲಿಯನ್ನು ತಯಾರಿಸದೆ ಕಾಯುವುದೇ ಲೇಸು. ತಡವಾದ ಭದ್ರತೆಯನ್ನು ಸಹಿಸಬಹುದು, ಸುಳ್ಳು ಭದ್ರತೆಯನ್ನು ಸಹಿಸಲಾಗದು.

ಬಡವನು ಕೊಂಡ ಪೆಟ್ಟಿಗೆಗೂ ಧನಿಕನದರಷ್ಟೇ ಗಟ್ಟಿಯಾದ ಬೀಗವಿರತಕ್ಕುದು. ಕಚೇರಿ, ಶಾಲೆ, ಆಸ್ಪತ್ರೆಗಳಿಗೆ ಇಂತಹ ಸಲಕರಣೆಗಳನ್ನು ಕೊಳ್ಳುವ ಅಧಿಕಾರಿಗಳು, ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ, ಇದರ ಮೊದಲ ಬೀಜವು ಎಲ್ಲಿಂದ ಬರುತ್ತದೆಂದು ಮಾರುವವರನ್ನು ಕೇಳಲಿ. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿ ಫಲವೇನು?