ಜಯಮಾಲೆಯಿಲ್ಲದ ಚಿತ್ರಗಾರ್ತಿ

ಚರಿತ್ರೆಯ ಪಾಠದಲ್ಲಿ ಪ್ರಾಚೀನ ಗ್ರೀಕರ ಮಣ್ಣಿನ ಪಾತ್ರೆಗಳ ಚಿತ್ರಪಟಗಳನ್ನು ತೋರಿಸುವುದು ಮಿಷನ್ ಶಾಲೆಗೆ ತಕ್ಕದ್ದೇ ಎಂದು ಮಾತಾಪಿತೃಗಳಲ್ಲಿ ಕೆಲವರು ಕೇಳುವುದುಂಟು. ಅವುಗಳ ಮೇಲಿರುವುದು ಅನ್ಯದೇವತೆಗಳ ಕಥೆಗಳಲ್ಲವೇ ಎಂಬುದು ಅವರ ಆತಂಕ. ಅಪೊಸ್ತಲನಾದ ಪೌಲನು ಅಥೇನೆಯ ಅರಿಯೊಪಾಗದಲ್ಲಿ ನಿಂತು, ಆ ಜನರ ಕವಿಗಳ ಮಾತನ್ನೇ ಎತ್ತಿ ಉಪದೇಶಿಸಿದನೆಂಬುದನ್ನು ನೆನೆದರೆ ಈ ಆತಂಕವು ಬಹುಮಟ್ಟಿಗೆ ತೀರುವುದು. ನಾವು ಹೇಳಬೇಕೆಂದಿರುವ ಸಂಗತಿ ಬೇರೊಂದುಂಟು.

ಅಥೇನೆಯ ಕುಂಬಾರರು ಈ ಚಿತ್ರಗಳಿಗೆ ಮುಖ್ಯವಾಗಿ ಬಳಸಿದ್ದು ಮಣ್ಣನ್ನೇ. ಕಬ್ಬಿಣದ ಅಂಶವುಳ್ಳ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಅದರ ಅತಿ ನುಣುಪಾದ ಭಾಗವನ್ನು ಬೇರ್ಪಡಿಸಿ, ಅದರಿಂದ ಬರೆಯುತ್ತಿದ್ದರು. ಆವಿಗೆಯೊಳಕ್ಕೆ ಮೊದಲು ಗಾಳಿಯನ್ನು ಬಿಟ್ಟು, ಬಳಿಕ ತಡೆದು, ಕಡೆಗೆ ಪುನಃ ಬಿಡುತ್ತಿದ್ದರು. ಲೇಪಿಸಿದ ಭಾಗವು ಮಿರುಗುವ ಕಪ್ಪಾಗಿಯೂ ಮಿಕ್ಕದ್ದು ಕೆಂಪಾಗಿಯೂ ನಿಲ್ಲುತ್ತಿತ್ತು. ಮೊದಮೊದಲು ಕೆಂಪಿನ ಮೇಲೆ ಕಪ್ಪು ಆಕೃತಿಗಳಿದ್ದವು, ಸುಮಾರು ಕ್ರಿ. ಪೂ. 530ರಿಂದ ಕಪ್ಪಿನ ನಡುವೆ ಕೆಂಪು ಆಕೃತಿಗಳು ಬಂದವು. ಆಟದಲ್ಲಿ ಮಗ್ನರಾದ ಅಖಿಲೀಸ್ ಮತ್ತು ಅಜಾಕ್ಸ್ ಎಂಬ ವೀರರನ್ನು ಬರೆದ ಎಕ್ಸೇಕಿಯಸನು ಆ ಪಾತ್ರೆಯ ಮೇಲೆ ತನ್ನ ಹೆಸರನ್ನೂ ಬರೆದಿಟ್ಟನು. ಅದು ಈಗ ವ್ಯಾಟಿಕನಿನಲ್ಲಿದೆ.

ಆದರೆ ನಮ್ಮ ಹೆಣ್ಣುಮಕ್ಕಳು ನೋಡತಕ್ಕದ್ದು, ದಕ್ಷಿಣ ಇಟಲಿಯ ರೂವೋ ಎಂಬಲ್ಲಿ ದೊರೆತ, ಸುಮಾರು ಕ್ರಿ. ಪೂ. 460ರ ಒಂದು ನೀರಿನ ಕೊಡ. ಎತ್ತುವುದಕ್ಕೆ ಎರಡು, ಬಗ್ಗಿಸುವುದಕ್ಕೆ ಒಂದು, ಹೀಗೆ ಅದಕ್ಕೆ ಮೂರು ಹಿಡಿಗಳು. ಅದರ ಮೇಲೆ ಪಾತ್ರೆಗಳನ್ನು ಅಲಂಕರಿಸುವವರ ಕೆಲಸದ ಮನೆಯೇ ಚಿತ್ರಿತವಾಗಿದೆ. ತರುಣರು ಕುಂಚ ಹಿಡಿದಿದ್ದಾರೆ. ಆ ನಗರದ ದೇವತೆಯಾದ ಅಥೇನಾ, ರೆಕ್ಕೆಗಳುಳ್ಳ ಇಬ್ಬರು ಜಯದೇವತೆಯರೊಡನೆ, ಅವರಿಗೆ ಜಯಮಾಲೆ ತೊಡಿಸಲು ಬಂದಿದ್ದಾಳೆ. ಬಲಗಡೆಯ ತುದಿಯಲ್ಲಿ ಒಬ್ಬ ಹೆಂಗಸು ಕುಳಿತು ದೊಡ್ಡದೊಂದು ಪಾತ್ರೆಯ ಹಿಡಿಯನ್ನು ಸಿಂಗರಿಸುತ್ತಿದ್ದಾಳೆ. ಆಕೆಗೆ ಮಾಲೆಯಿಲ್ಲ. ಆಕೆಯ ಕಡೆಗೆ ಯಾವ ದೇವತೆಯೂ ತಿರುಗಿಲ್ಲ. ಇವು ಮಣ್ಣಿನವಲ್ಲ, ಲೋಹದ ಪಾತ್ರೆಗಳೆಂದು ಕೆಲವು ಪಂಡಿತರ ವಾದ. ಹಾಗಿದ್ದರೂ ಆಕೆಯ ದುಡಿಮೆಯೇನೂ ಕಡಿಮೆಯಾಗದು.

ಹೆಣ್ಣಿನ ಚಿತ್ತಾರ, ಕಸೂತಿ, ಹೆಣಿಗೆಗಳನ್ನು ಬಿಡುವಿನ ಹೊತ್ತಿನ ವಿನೋದವೆಂದೆಣಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಬಲವಾಗಿದೆ. ಮೇಲಿನ ತರಗತಿಗಳಲ್ಲಿ ಚಿತ್ರಕಲೆಯ ಅವಧಿಯನ್ನು ಗಣಿತಕ್ಕೆ ಕೊಡಿರೆಂದು ಕೇಳುವ ತಂದೆತಾಯಿಗಳಿಗೆ, ಕೊಡಲಾರೆವೆಂದು ವಿನಯದಿಂದ ತಿಳಿಸುತ್ತೇವೆ. ಗಣಿತವು ಬೇಕು, ಇದೂ ಬೇಕು. ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬಿನ್ನಹ: ಶಾಲೆಯ ವಸ್ತುಪ್ರದರ್ಶನಕ್ಕೆ ನಿಮ್ಮ ಕೈಕೆಲಸವನ್ನು ಕಳುಹಿಸುವಾಗ, ಚೀಟಿಯಲ್ಲಿ ಪತಿಯ ಹೆಸರನ್ನಷ್ಟೇ ಬರೆಯದೆ, ಮಾಡಿದವಳ ಸ್ವಂತ ಹೆಸರನ್ನು ಮೊದಲು ಬರೆಯಿರಿ.