ಶ್ರವಣಕ್ಕೆ ಎರಡನೆಯ ಪಂಕ್ತಿಯೇಕೆ?

ಕನ್ನಡದ ವಿದ್ಯಾವಲಯದಲ್ಲಿ ಒಂದು ಅಭಿಪ್ರಾಯ ಪರೀಕ್ಷೆಗೆ ಒಳಗಾಗದೆಯೇ ಸಿದ್ಧಾಂತದ ಸ್ಥಾನಕ್ಕೇರಿದೆ. ಕೃತಿಯೊಂದನ್ನು ಪುಟದ ಮೇಲೆ ಕಣ್ಣಿಟ್ಟು ಓದಿದವನು ಓದುಗ. ಅದೇ ಕೃತಿಯನ್ನು ಧ್ವನಿಪುಸ್ತಕವಾಗಿ ಕೇಳಿದವನು ಕಾಲಕ್ಷೇಪ ಮಾಡಿದವನು. ‘ಇಂದಿರಾಬಾಯಿ’ಯನ್ನು ಕೇಳಿದ್ದೇನೆ ಎಂದು ವಿದ್ಯಾರ್ಥಿಯೊಬ್ಬ ಹೇಳಿದರೆ, ಓದಿಲ್ಲವೆಂದೇ ಅದರ ಅರ್ಥವೆಂದು ಗ್ರಹಿಸುವ ಅಧ್ಯಾಪಕರು ವಿರಳರಲ್ಲ. ಈ ಅಭಿಪ್ರಾಯ ಕನ್ನಡದ ಸಾಹಿತ್ಯಚರಿತ್ರೆಗೆ ಹೊಂದುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯದರ ಆರಂಭದ ಕಥನದ ವಿಷಯದಲ್ಲಂತೂ ಅದು ಸಂಪೂರ್ಣವಾಗಿ ತಪ್ಪು.

ಮೊದಲು ಮುದ್ದಣನನ್ನೇ ತೆಗೆದುಕೊಳ್ಳಬಹುದು. ನಂದಳಿಕೆಯ ಲಕ್ಷ್ಮೀನಾರಾಯಣ 1870ರಲ್ಲಿ ಹುಟ್ಟಿ 1901ರಲ್ಲಿ ತೀರಿಕೊಂಡವನು. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನು. ಅವನ ‘ಶ್ರೀರಾಮಾಶ್ವಮೇಧಂ’ ಗದ್ಯಕೃತಿಯ ಚೌಕಟ್ಟು ಯಾವುದು? ಮಳೆಗಾಲದ ಒಂದು ಸಂಜೆ, ಗಂಡ ಹೆಂಡತಿಗೆ ಕಥೆ ಹೇಳುತ್ತಾನೆ. ಮನೋರಮೆ ಪುಸ್ತಕವನ್ನು ಕೈಗೆ ತೆಗೆದುಕೊಳ್ಳುವುದಿಲ್ಲ, ಕೇಳುತ್ತಾಳೆ. ಕೇಳುತ್ತ ತಡೆಯುತ್ತಾಳೆ, ಅರ್ಥ ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳು ಎಂಬ ತೀರ್ಮಾನವೂ ಅವಳ ಕಿವಿಯ ತೀರ್ಮಾನವೇ. ಹೊಸಗನ್ನಡದ ಹೊಸ್ತಿಲಲ್ಲಿ ನಿಂತ ಈ ಕೃತಿಯ ಮೊದಲ ವಿಮರ್ಶಕಿ ಒಬ್ಬ ಶ್ರೋತೃ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದ ಕವಿಗೆ ಮಾತು ಎಲ್ಲಿ ನಿಲ್ಲಬೇಕು, ಎಲ್ಲಿ ಏರಬೇಕು ಎಂಬುದು ತಿಳಿದಿತ್ತು. ಆ ಗದ್ಯವನ್ನು ಮೌನವಾಗಿ ಓದುವ ಇಂದಿನ ವಿದ್ಯಾರ್ಥಿ ಸಂಧಿಗಳಲ್ಲಿ ಎಡವಿ, ಶಬ್ದಾರ್ಥಗಳ ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಬಲ್ಲವರೊಬ್ಬರು ಗಟ್ಟಿಯಾಗಿ ಓದಿದಾಗ ಅರ್ಧದಷ್ಟು ತೊಡಕು ಉಸಿರಿನ ವಿರಾಮದಲ್ಲಿಯೇ ಬಿಡಿಸಿಕೊಳ್ಳುತ್ತದೆ. ಹೀಗಿರುವಾಗ ಆ ಓದನ್ನು ಕೇಳುವುದು ಕೃತಿಯಿಂದ ದೂರ ಹೋಗುವುದೋ, ಹತ್ತಿರ ಬರುವುದೋ?

ಎರಡನೆಯ ಉದಾಹರಣೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಈ ಕಾದಂಬರಿ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಪ್ರಸಿದ್ಧ. ಬಾಲವಿಧವೆಯೊಬ್ಬಳು ಕಪಟಧಾರ್ಮಿಕರ ಬಲೆಯಿಂದ ಹೊರಬಂದು, ವಿದ್ಯೆ ಕಲಿತು, ಮರುವಿವಾಹವಾಗುವ ಕಥೆ ಅದು. 1901ರ ಜನಗಣತಿಯ ವೇಳೆಗೆ ಭಾರತದಲ್ಲಿ ಅಕ್ಷರಸ್ಥರು ನೂರಕ್ಕೆ ಆರಕ್ಕಿಂತಲೂ ಕಡಿಮೆ. ಸ್ತ್ರೀಯರಲ್ಲಿ ನೂರಕ್ಕೆ ಒಬ್ಬಳೂ ಇಲ್ಲ. ಯಾರ ದುಃಖವನ್ನು ಕಾದಂಬರಿ ಹೇಳಿತೋ ಅವರಲ್ಲಿ ಬಹುತೇಕರಿಗೆ ಅದು ತಲುಪಬೇಕಾದರೆ ಇನ್ನೊಬ್ಬರ ಬಾಯಿಯ ಮೂಲಕವೇ ತಲುಪಬೇಕಿತ್ತು. ಮೌನವಾಚನವೇ ನಿಜವಾದ ಓದು ಎನ್ನುವವರು ಆ ಕಾಲದ ಕನ್ನಡ ಸಮಾಜದ ಬಹುಭಾಗವನ್ನು ಓದುಗವರ್ಗದಿಂದ ಹೊರಗಟ್ಟುತ್ತಾರೆ.

ಜೈನ ಪರಂಪರೆ ಈ ವಿಷಯದಲ್ಲಿ ಹೆಚ್ಚು ವಿವೇಕವನ್ನು ತೋರಿಸಿದೆ. ಅಲ್ಲಿ ಶಾಸ್ತ್ರಜ್ಞಾನದ ಹೆಸರೇ ಶ್ರುತ. ಗೃಹಸ್ಥನ ಹೆಸರೇ ಶ್ರಾವಕ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಸ್ವಾಧ್ಯಾಯದ ಐದು ಅಂಗಗಳನ್ನು ಹೇಳುತ್ತದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಇವುಗಳಲ್ಲಿ ಅನುಪ್ರೇಕ್ಷೆ ಮನಸ್ಸಿನ ವ್ಯಾಪಾರ; ಉಳಿದ ನಾಲ್ಕೂ ನಾಲಗೆ ಮತ್ತು ಕಿವಿಗಳ ನಡುವೆ ನಡೆಯುವಂಥವು. ಆಮ್ನಾಯವೆಂದರೆ ಉಚ್ಚಾರಶುದ್ಧಿಯಿಂದ ಮತ್ತೆ ಮತ್ತೆ ಪಠಿಸುವುದು. ಅಧ್ಯಯನದ ಈ ವಿಧಾನದಲ್ಲಿ ಒಂಟಿ ಕಣ್ಣಿಗೆ ಪ್ರತ್ಯೇಕ ಸಿಂಹಾಸನವಿಲ್ಲ.

ಇಲ್ಲಿ ಒಂದು ಪ್ರತಿವಾದ ಬರುತ್ತದೆ, ಅದು ಬಲವಾದದ್ದೇ. ಶ್ರುತವು ಕಿವಿಯಿಂದ ಕಿವಿಗೆ ಸಾಗುತ್ತ ಕ್ಷಯಿಸಿತು. ಅದಕ್ಕಾಗಿಯೇ ಧರಸೇನಾಚಾರ್ಯರು ಪುಷ್ಪದಂತ ಮತ್ತು ಭೂತಬಲಿಗಳಿಗೆ ಉಪದೇಶಿಸಿದರು, ಷಟ್ಖಂಡಾಗಮ ಗ್ರಂಥಸ್ಥವಾಯಿತು, ಆ ಸ್ಮರಣೆಗಾಗಿಯೇ ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿ ಆಚರಣೆ ನಡೆಯುತ್ತದೆ. ಆದ್ದರಿಂದ ಬರಹವೇ ದೊಡ್ಡದು ಎಂಬುದು ಆ ವಾದ. ಆದರೆ ಅದೇ ಗ್ರಂಥದ ಮುಂದಿನ ಚರಿತ್ರೆಯನ್ನೂ ಓದಬೇಕು. ಧವಲಾ ಟೀಕೆಯ ತಾಳೆಗರಿಗಳು ಮೂಡುಬಿದಿರೆಯ ಭಂಡಾರದಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿದ್ದವು, ಪೂಜೆಗೊಳ್ಳುತ್ತಿದ್ದವು. ವಿದ್ವಾಂಸರ ಚರ್ಚೆಗೆ ಬರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, ಹೀರಾಲಾಲ ಜೈನರ ಸಂಪಾದಕತ್ವದ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. ಬರಹ ಗ್ರಂಥವನ್ನು ಕಾಯಬಲ್ಲದು, ಜೀವಂತವಾಗಿಡಲಾರದು. ಜೀವಂತವಾಗಿಡುವುದು ವಾಚನ ಮತ್ತು ಪೃಚ್ಛನೆ. ಶತಮಾನದ ತಿರುವಿನ ಕನ್ನಡ ಕಥನ ಇಂದು ಗ್ರಂಥಾಲಯಗಳ ಕಪಾಟಿನಲ್ಲಿ ಭಂಡಾರದ ಗರಿಗಳಂತೆಯೇ ಇದೆ: ಉಳಿದಿದೆ, ಗೌರವಿಸಲ್ಪಡುತ್ತಿದೆ, ಕೇಳಿಸುತ್ತಿಲ್ಲ.

ಉತ್ತರ ಕನ್ನಡದ ಕರಾವಳಿ ಈ ವಿವಾದಕ್ಕೆ ಹೆಚ್ಚು ಖಚಿತವಾದ ನಿದರ್ಶನವನ್ನು ಒದಗಿಸುತ್ತದೆ. ಅಘನಾಶಿನಿಯ ಸಮೀಪದ ಮಿರ್ಜಾನವನ್ನು ಚರಿತ್ರೆಯ ವಿದ್ಯಾರ್ಥಿಗಳು ಬಲ್ಲದ್ದು ಕೋಟೆಯಿಂದ, ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯ ಹೆಸರಿನಿಂದ, ಮೆಣಸಿನ ವ್ಯಾಪಾರದಿಂದ. ಆದರೆ ಈ ಸೀಮೆ ಶಬ್ದದ ಸೀಮೆಯೂ ಹೌದು. ಭಟ್ಕಳದ ಬಳಿಯ ಹಾಡುವಳ್ಳಿಗೆ ಸಂಗೀತಪುರವೆಂಬ ಹೆಸರಿತ್ತು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿ, ಕನ್ನಡ ಶಾಸ್ತ್ರಕ್ಕೆ ಅರ್ಹವಾದ ಭಾಷೆಯೆಂದು ವಾದಿಸಿದ ಭಟ್ಟಾಕಳಂಕ ಆ ಪೀಠದ ಪರಂಪರೆಗೆ ಸೇರಿದವನು. ಇಂದಿಗೂ ಮಿರ್ಜಾನದ ಸುತ್ತಮುತ್ತ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಬರಿಯ ಮಾತಿನಿಂದ ಇರುಳು ಕಳೆಯುವ ತಾಳಮದ್ದಳೆಯನ್ನು ಬೆಳೆಸಿದ ಜನಕ್ಕೆ, ಕೇಳುವುದು ಸೋಮಾರಿತನ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಥಧಾರಿಯ ತರ್ಕದಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವ ಕಿವಿ ಅವರದು.

ಮಿರ್ಜಾನದಿಂದ ದಕ್ಷಿಣಕ್ಕೆ ಕುಮಟೆಯನ್ನು ದಾಟಿ ಹೊರಟರೆ ಹೊನ್ನಾವರಕ್ಕಿಂತ ಮೊದಲು ಕರ್ಕಿ ಸಿಗುತ್ತದೆ. ಅಲ್ಲಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ವನ್ನು ಪ್ರಕಟಿಸಿದರು. ಹಣಕ್ಕಾಗಿ ಹೆಣ್ಣುಮಕ್ಕಳನ್ನು ಮದುವೆಯ ಹೆಸರಿನಲ್ಲಿ ಮಾರುವ ಕನ್ಯಾವಿಕ್ರಯದ ಮೇಲೆ ಬಾಣ ಬಿಟ್ಟ ಕೃತಿ ಅದು. ಆಡುವ ಹವ್ಯಕ ಕನ್ನಡವನ್ನೇ ಧೈರ್ಯವಾಗಿ ಅಚ್ಚಿಗೆ ತಂದ ಕೃತಿ. ಅದು ನಾಟಕ, ಕಾದಂಬರಿಯಲ್ಲ. ಆದರೂ ಕನ್ನಡದ ಸಾಮಾಜಿಕ ಕಥನದ ಮೂಲವನ್ನು ಹುಡುಕುವವರು ಅದನ್ನು ಬಿಟ್ಟು ಮುಂದೆ ಹೋಗಲಾರರು. ಅದನ್ನು ಪುಟದ ಮೇಲೆ ಓದುವ ಹೊರಗಿನ ವಿದ್ಯಾರ್ಥಿಗೆ ಸಿಗುವುದೇನು? ಅಕ್ಷರಗಳು ಸಿಗುತ್ತವೆ. ಸ್ವರದ ಎಳೆತ, ವ್ಯಂಗ್ಯದ ಏರಿಳಿತ, ಗೌರವದ ಮಾತಿನೊಳಗೆ ಅಡಗಿದ ಅವಹೇಳನ ಸಿಗುವುದಿಲ್ಲ. ಕನ್ನಡ ಲಿಪಿ ಆ ಉಚ್ಚಾರವನ್ನು ಪೂರ್ತಿಯಾಗಿ ಹಿಡಿಯಲಾರದು. ಆ ಕೃತಿಯ ವಿಷಯದಲ್ಲಿ ಧ್ವನಿಮುದ್ರಣವೆಂದರೆ ಅನುಕೂಲಕ್ಕಾಗಿ ಮಾಡಿಕೊಂಡ ಸಂಕ್ಷೇಪವಲ್ಲ, ಪಠ್ಯದ ಕಳೆದುಹೋದ ಅರ್ಧಭಾಗ.

ಇಷ್ಟು ಹೇಳಿದ ಮಾತ್ರಕ್ಕೆ ಮಾರುಕಟ್ಟೆಗೆ ಬರುವ ಪ್ರತಿಯೊಂದು ಧ್ವನಿಪುಸ್ತಕಕ್ಕೂ ಜಯಕಾರ ಹಾಕಬೇಕಾಗಿಲ್ಲ. ಕೇಳುವ ಓದಿಗೆ ಅಪಕೀರ್ತಿ ತಂದವರಲ್ಲಿ ಅದರ ನಿರ್ಮಾಪಕರೂ ಇದ್ದಾರೆ. ಕೇಳುಗನಿಗೆ ತಾಳ್ಮೆಯಿಲ್ಲವೆಂದು ತಾವೇ ನಿರ್ಧರಿಸಿ ವರ್ಣನೆಗಳನ್ನು ಕತ್ತರಿಸುವುದು, ಪ್ರತಿ ವಾಕ್ಯದ ಹಿಂದೆ ವಾದ್ಯಸಂಗೀತ ತುಂಬುವುದು, ಕರಾವಳಿಯ ಮಾತನ್ನು ವಾರ್ತಾವಾಚನದ ಕನ್ನಡಕ್ಕೆ ತಿದ್ದುವುದು, ಯಾವ ಮುದ್ರಣವನ್ನು ಓದಲಾಗಿದೆ ಎಂಬುದನ್ನು ಹೇಳದಿರುವುದು, ಇವೆಲ್ಲ ಪಠ್ಯದ್ರೋಹಗಳೇ. ಗಣಕಯಂತ್ರದ ಕೃತಕ ಧ್ವನಿ ಈಗ ಸುಲಭವಾಗಿ ದೊರೆಯುತ್ತಿದೆ. ಮುದ್ದಣನ ಸಂಧಿಯನ್ನು ಎಲ್ಲಿ ಬಿಡಿಸಬೇಕು, ಇಗ್ಗಪ್ಪ ಹೆಗಡೆಯ ಮಾತನ್ನು ಎಲ್ಲಿ ಎಳೆಯಬೇಕು ಎಂಬುದು ಅರ್ಥ ಬಲ್ಲ ನಾಲಗೆಯ ಕೆಲಸ. ಸಂಶೋಧನೆಗೆ ಪುಟ ಬೇಕೇ ಬೇಕು ಎಂಬುದೂ ನಿಜ. ಪಾಠಾಂತರಗಳನ್ನು ಕಿವಿ ತೂಗಲಾರದು. ಹಳಗನ್ನಡದ ೞಕಾರ ಇಂದಿನ ನಾಲಗೆಯಲ್ಲಿ ಉಳಿದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಪುಟಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸಿದ ಮೇಲೆಯೂ ಕಿವಿಗೆ ಸಲ್ಲಬೇಕಾದದ್ದು ಬಾಕಿಯೇ ಉಳಿಯುತ್ತದೆ.

ಆ ಬಾಕಿಯನ್ನು ತೀರಿಸಲು ಕಾನೂನಿನ ಅಡ್ಡಿಯೂ ಇಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಪ್ರಕಟವಾದ ಕೃತಿಯ ಹಕ್ಕು ಲೇಖಕನ ಮರಣಾನಂತರ 60 ವರ್ಷಗಳವರೆಗೆ ಮಾತ್ರ. ಮುದ್ದಣ, ಗುಲ್ವಾಡಿ ವೆಂಕಟರಾಯರು, ಕರ್ಕಿಯ ಶಾಸ್ತ್ರಿಗಳು ಬರೆದದ್ದು ಇಂದು ಎಲ್ಲರ ಸ್ವತ್ತು. ದೃಷ್ಟಿಹೀನ ಓದುಗರಿಗಾಗಿ ರೂಪುಗೊಂಡ 2013ರ ಮರಾಕೆಶ್ ಒಪ್ಪಂದವನ್ನು ಎಲ್ಲ ದೇಶಗಳಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತ. ಕಾಗದದ ಮೇಲೆ ಇಷ್ಟು ಉದಾರವಾದ ದೇಶದಲ್ಲಿ, ಕೇಳಿ ಕಲಿಯುವ ವಿದ್ಯಾರ್ಥಿಯನ್ನು ತರಗತಿಯಲ್ಲಿ ಎರಡನೆಯ ಪಂಕ್ತಿಗೆ ಕೂರಿಸುವುದು ಯಾವ ನ್ಯಾಯ? ಕೇಳಿದ್ದು ಓದಲ್ಲವಾದರೆ, ದೃಷ್ಟಿಯಿಲ್ಲದ ಸಂಶೋಧಕ ಎಂದೂ ಓದಿದವನಲ್ಲ ಎಂದೇ ಹೇಳಬೇಕಾಗುತ್ತದೆ. ಹಾಗೆ ಹೇಳಲು ಯಾರೂ ಮುಂದೆ ಬರುವುದಿಲ್ಲ. ಆದರೆ ಅವರ ಸಿದ್ಧಾಂತ ಅದನ್ನೇ ಹೇಳುತ್ತದೆ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಕನ್ನಡ ವಿಭಾಗಗಳು ಈ ಕಾಲದ ಕೃತಿಗಳನ್ನು ಸಂಕ್ಷೇಪಿಸದೆ ಓದಿಸಿ ಮುದ್ರಿಸಬೇಕು. ಆಧಾರವಾದ ಮುದ್ರಣ, ಓದಿದವರ ಹೆಸರು, ಅವರ ಮಾತಿನ ಊರು ದಾಖಲಾಗಬೇಕು. ಪುಟಸಂಖ್ಯೆಯಂತೆ ಉಲ್ಲೇಖಿಸಲು ಬರುವ ಹಾಗೆ ಅಧ್ಯಾಯಕ್ಕೂ ಕಂಡಿಕೆಗೂ ಕಾಲಸೂಚಿ ಇರಬೇಕು. ಕರ್ಕಿಯ ಪ್ರಹಸನವನ್ನು ಕರ್ಕಿ, ಕುಮಟೆ, ಮಿರ್ಜಾನಗಳ ಹಿರಿಯರೇ ಓದಬೇಕು. ಅಚ್ಚಾದ ಪ್ರತಿ ಇನ್ನೂ ನೂರು ವರ್ಷ ಕಪಾಟಿನಲ್ಲಿ ಉಳಿಯಬಹುದು. ಅದನ್ನು ಅದರದೇ ಸ್ವರದಲ್ಲಿ ಓದಬಲ್ಲ ಅಜ್ಜ ಅಜ್ಜಿಯರು ಅಷ್ಟು ಕಾಲ ಕಾಯಲಾರರು.

ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ದಾನಚಿಂತಾಮಣಿಯೆಂದು ಕರೆಯಿತು. ಆ ಪ್ರತಿಗಳಲ್ಲಿ ಎಷ್ಟನ್ನು ಕಣ್ಣಿನಿಂದ ಓದಿದರು, ಎಷ್ಟನ್ನು ಕಿವಿಯಿಂದ ಓದಿದರು ಎಂದು ಆಕೆ ಲೆಕ್ಕ ಕೇಳಿದ ದಾಖಲೆಯಿಲ್ಲ. ಶಾಸ್ತ್ರದಾನಕ್ಕೆ ಆ ಲೆಕ್ಕ ಬೇಕಿರಲಿಲ್ಲ. ಇಂದಿನ ವಿದ್ಯಾಪೀಠಗಳಿಗೂ ಬೇಕಾಗಬಾರದು.